ತಂಪು ಯಂತ್ರದ ಕೊಳವೆ ಕೆಲಸ: ರೈತರು ತಿಳಿದಿರಬೇಕಾದ ಎಚ್ಚರಿಕೆಗಳು

(ಬ್ಲಾಕಿನ ಹಾಲು ಉತ್ಪಾದಕರ ಸಂಘಗಳ ಸದಸ್ಯರೂ ಹೂವು ಮತ್ತು ಅಣಬೆ ಬೆಳೆಗಾರರೂ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಈ ದಿನ ನಾನು ಮಾತನಾಡಲು ಆರಿಸಿಕೊಂಡಿರುವ ವಿಷಯವನ್ನು ಕೇಳಿ ತಮ್ಮಲ್ಲಿ ಕೆಲವರಿಗೆ ನಗು ಬಂದಿರಬಹುದು. ರಾಗಿ ಬೆಳೆಯುವವರಿಗೆ, ಹಸು ಕಟ್ಟಿದವರಿಗೆ ಹವಾನಿಯಂತ್ರಣ ಯಂತ್ರದ ಗೊಡವೆ ಏಕೆ, ಅದು ಪಟ್ಟಣದ ಕಚೇರಿಗಳ ಮಾತಲ್ಲವೇ ಎಂದು ಕೇಳಬಹುದು. ಒಂದು ಕಾಲಕ್ಕೆ ಅದು ನಿಜವಾಗಿತ್ತು. ಈಗ ನಮ್ಮ ಊರುಗಳಲ್ಲಿ ಏನೇನಿದೆ ಎಂದು ಒಂದು ಸಾರಿ ಎಣಿಸಿ ನೋಡಿರಿ. ಡೈರಿಯಲ್ಲಿ ಹಾಲನ್ನು 4 ಡಿಗ್ರಿಗೆ ತಣಿಸುವ ಸ್ಟೀಲಿನ ದೊಡ್ಡ ತೊಟ್ಟಿ ಇದೆ. ಗುಲಾಬಿ ಬೆಳೆಯುವವರ ಪಾಲಿಹೌಸಿನ ಪಕ್ಕದಲ್ಲಿ ಹೂವಿಡುವ ಶೀತಲ ಕೋಣೆ ಇದೆ. ಅಣಬೆ ಷೆಡ್ಡಿನ ಗೋಡೆಯಲ್ಲಿ ಏ.ಸಿ. ಇದೆ. ಬ್ಯಾಡಗಿಯ ಕಡೆ ಹೋದರೆ ಮೆಣಸಿನಕಾಯಿ ತುಂಬಿದ ಶೀತಲಗೃಹಗಳು ಸಾಲಾಗಿ ನಿಂತಿವೆ. ಹೆಸರು ಬೇರೆ ಬೇರೆಯಾದರೂ ಇವೆಲ್ಲವುಗಳ ಹೊಟ್ಟೆಯೊಳಗೆ ನಡೆಯುವ ಕೆಲಸ ಒಂದೇ. ಒಂದು ಜಾತಿಯ ಗ್ಯಾಸು ಕೊಳವೆಗಳಲ್ಲಿ ಸುತ್ತುತ್ತಾ ಒಳಗಿನ ಶಾಖವನ್ನು ಹೊತ್ತು ಹೊರಗೆ ಚೆಲ್ಲುತ್ತದೆ.

ಇನ್ನೊಂದು ಕಾರಣವೂ ಉಂಟು. ನಮ್ಮ ಹಳ್ಳಿಗಳ ಎಷ್ಟೋ ಹುಡುಗರು ಐ.ಟಿ.ಐ. ಮುಗಿಸಿ, ಕೆಲವರು ಅದನ್ನೂ ಮುಗಿಸದೆ, ಬೆಂಗಳೂರಿನಲ್ಲಿ ಏ.ಸಿ. ಕೂರಿಸುವ ಕೆಲಸಕ್ಕೆ ಹೋಗುತ್ತಾರೆ. ಹಬ್ಬಕ್ಕೆ ಊರಿಗೆ ಬಂದಾಗ ಡೈರಿಯ ಯಂತ್ರವನ್ನೂ ಅವರ ಕೈಯಲ್ಲೇ ರಿಪೇರಿ ಮಾಡಿಸುತ್ತೇವೆ. ಹೀಗಾಗಿ ಈ ಕೊಳವೆ ಕೆಲಸದಲ್ಲಿ ನಮ್ಮ ಹಣವಷ್ಟೇ ಅಲ್ಲ, ನಮ್ಮ ಮನೆಯ ಹುಡುಗರ ಕಣ್ಣು ಕೈ ಪ್ರಾಣಗಳೂ ಸೇರಿವೆ. ಕೆಲಸ ಮಾಡುವುದು ಮೆಕ್ಯಾನಿಕ್ಕನೇ ಹೌದು. ಆದರೆ ಅವನು ಸರಿಯಾಗಿ ಮಾಡುತ್ತಾನೋ ಅಡ್ಡದಾರಿ ಹಿಡಿಯುತ್ತಾನೋ ಎಂಬುದು ಅರ್ಧ ಪಾಲು ಮಾಡಿಸುವವರ ಮೇಲೆ ನಿಂತಿದೆ. ಇಂದು ನಾನು ಹೇಳಬೇಕೆಂದಿರುವುದು ಇದನ್ನೇ.

ಮೊದಲು ಯಂತ್ರದ ಗುಣವನ್ನು ತಿಳಿಯೋಣ. ಬೇಸಿಗೆಯಲ್ಲಿ ಮಣ್ಣಿನ ಮಡಕೆಯ ನೀರು ತಣ್ಣಗಿರುವುದನ್ನು ತಾವು ಬಲ್ಲಿರಿ. ಮಡಕೆಯ ಮೈಯಿಂದ ನೀರು ಬೆವರಿ ಆವಿಯಾಗುವಾಗ ಶಾಖವನ್ನು ಎಳೆದುಕೊಂಡು ಹೋಗುತ್ತದೆ. ತಂಪು ಯಂತ್ರದ್ದೂ ಅದೇ ನ್ಯಾಯ. ನೀರು ಕುದಿಯಲು 100 ಡಿಗ್ರಿ ಬೇಕು. ಈ ಗ್ಯಾಸುಗಳೋ ಬಯಲಿನಲ್ಲಿಟ್ಟರೆ ಸೊನ್ನೆಗಿಂತ 40, 50 ಡಿಗ್ರಿ ಕೆಳಗೇ ಕುದಿದುಬಿಡುತ್ತವೆ. ಹಾಗೆ ಕುದಿಯುವಾಗ ಹಾಲಿನ ಅಥವಾ ಕೋಣೆಯ ಶಾಖವನ್ನು ಹೀರುತ್ತವೆ. ಆಮೇಲೆ ಕಂಪ್ರೆಸರ್ ಅದನ್ನು ಎಳೆದು ಹಿಂಡುತ್ತದೆ, ಹೊರಗಿನ ಸುರುಳಿಯಲ್ಲಿ ಶಾಖ ಬಿಟ್ಟು ಗ್ಯಾಸು ಮತ್ತೆ ದ್ರವವಾಗಿ ಒಳಗೆ ಬರುತ್ತದೆ. ಬಯಲಿಗೆ ಬಿದ್ದ ದ್ರವ ಕೈಗೆ ತಗುಲಿದರೆ ಚರ್ಮ ಸುಟ್ಟಂತೆ ಹೆಪ್ಪುಗಟ್ಟುವುದೂ ಇದೇ ಗುಣದಿಂದ. ಕಣ್ಣಿಗೆ ಕನ್ನಡಕ, ಕೈಗೆ ಗವಸು ಇಲ್ಲದೆ ಈ ಕೊಳವೆಗಳ ನಟ್ಟು ಬಿಚ್ಚಬಾರದು.

ಇನ್ನು ಒತ್ತಡ. ಅಡಿಗೆಮನೆಯ ಪ್ರೆಷರ್ ಕುಕ್ಕರಿನಲ್ಲಿ ಸೀಟಿ ಏಳುವಾಗ ಇರುವುದು ಚದರ ಅಂಗುಲಕ್ಕೆ ಸುಮಾರು 15 ಪೌಂಡು. ಕಾರಿನ ಚಕ್ರದಲ್ಲಿ ಮೂವತ್ತು, ಮೂವತ್ತೈದು. ಈಗ ಮಾರಾಟವಾಗುವ ಬಹುಪಾಲು ಏ.ಸಿ.ಗಳಲ್ಲಿರುವ ಆರ್-32 ಎಂಬ ಗ್ಯಾಸು ಬೇಸಿಗೆಯ ಮಧ್ಯಾಹ್ನ ಹೊರಗಿನ ಸುರುಳಿಯಲ್ಲಿ 400 ಪೌಂಡಿಗೂ ಮೇಲೆ ಹೋಗುತ್ತದೆ. ಹಳೆಯ ಆರ್-22 ಗ್ಯಾಸು ಅದೇ ಬಿಸಿಲಿನಲ್ಲಿ 260, 270ರ ಹತ್ತಿರ ನಿಲ್ಲುತ್ತಿತ್ತು. ಹಳೆಯ ಯಂತ್ರಕ್ಕೆ ಸಾಕಾಗುತ್ತಿದ್ದ ತೆಳು ಕೊಳವೆ, ಹಳೆಯ ರಬ್ಬರ್ ಹೋಸು, ಹಳೆಯ ಗೇಜು ಹೊಸ ಯಂತ್ರಕ್ಕೆ ನಡೆಯುವುದಿಲ್ಲವೆಂಬುದು ಇದರಿಂದಲೇ ತಿಳಿಯುತ್ತದೆ. ‘ಮನೆಯಲ್ಲಿ ಹಳೆಯ ತಾಮ್ರದ ಪೈಪು ಬಿದ್ದಿದೆ, ಅದನ್ನೇ ಹಾಕಿಬಿಡು’ ಎಂದು ಹುಡುಗನಿಗೆ ಹೇಳುವುದು ಕುಕ್ಕರಿನ ಇಪ್ಪತ್ತೈದು ಪಟ್ಟಿಗೂ ಮೇಲಿನ ಒತ್ತಡವನ್ನು ಹಳೆಯ ಡಬ್ಬಿಯಲ್ಲಿ ತುಂಬು ಎಂದು ಹೇಳಿದಂತೆ.

ಗ್ಯಾಸುಗಳು ಏಕೆ ಬದಲಾದವು ಎಂಬುದಕ್ಕೆ ಒಂದು ಕಥೆ ಇದೆ, ಚುಟುಕಾಗಿ ಹೇಳುತ್ತೇನೆ. ಮೊದಮೊದಲು ಅಮೋನಿಯಾ, ಗಂಧಕದ ಡೈಆಕ್ಸೈಡ್ ಮುಂತಾದ ವಿಷದ ಅನಿಲಗಳನ್ನೇ ಬಳಸುತ್ತಿದ್ದರು. ಸೋರಿದರೆ ಮನೆಮಂದಿಗೆ ಅಪಾಯ. 1928ರಲ್ಲಿ ಅಮೆರಿಕಾದ ಥಾಮಸ್ ಮಿಡ್ಗ್ಲಿ ಮತ್ತು ಅವರ ಜೊತೆಗಾರರು ವಿಷವೂ ಅಲ್ಲದ, ಉರಿಯದ ಫ್ರಿಯಾನ್ ಜಾತಿಯ ಗ್ಯಾಸನ್ನು ಕಂಡುಹಿಡಿದಾಗ ಲೋಕ ನಿಟ್ಟುಸಿರು ಬಿಟ್ಟಿತು. ಅದು ಮೇಲಿನ ವಾಯುಮಂಡಲದ ಓಜೋನ್ ಪದರವನ್ನು ಕೊರೆಯುತ್ತದೆಂದು 1974ರಲ್ಲಿ ವಿಜ್ಞಾನಿಗಳು ಎಚ್ಚರಿಸಿದರು. 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು. ಆರ್-22 ಕೂಡ ಅದೇ ಬಳಗದ್ದಾದ್ದರಿಂದ ನಮ್ಮ ದೇಶದಲ್ಲಿ 2025ರ ಆರಂಭದಿಂದ ಹೊಸ ಯಂತ್ರಗಳ ತಯಾರಿಕೆಯಲ್ಲಿ ಅದನ್ನು ಬಳಸುವಂತಿಲ್ಲ. ಅದರ ಸ್ಥಾನಕ್ಕೆ ಬಂದವುಗಳಲ್ಲಿ ಆರ್-32 ಸ್ವಲ್ಪ ಮಟ್ಟಿಗೆ ಉರಿಯುವಂಥದು. ಕೆಲವು ಏ.ಸಿ.ಗಳಲ್ಲಿಯೂ ಬಹಳಷ್ಟು ಚಿಕ್ಕ ಶೀತಲ ಪೆಟ್ಟಿಗೆಗಳಲ್ಲಿಯೂ ಇರುವ ಆರ್-290 ಎಂದರೆ ಪ್ರೊಪೇನ್, ನಮ್ಮ ಅಡಿಗೆ ಅನಿಲದ ಒಂದು ಅಂಶ. ಇದು ಚೆನ್ನಾಗಿಯೇ ಉರಿಯುತ್ತದೆ. ಅಂದರೆ ಉರಿಯದ ಗ್ಯಾಸಿನ ಕಾಲದಲ್ಲಿ ಕಲಿತ ಮೆಕ್ಯಾನಿಕ್ಕು ಈಗ ಉರಿಯುವ ಗ್ಯಾಸಿನ ಮೇಲೆ ಕೈ ಇಡುತ್ತಿದ್ದಾನೆ. ಹಳೆಯ ಅಭ್ಯಾಸಗಳು ಅಪಾಯಕ್ಕೆ ತಿರುಗಿರುವುದು ಈ ಕಾರಣದಿಂದ.

ಹಳೆಯ ಕೈಗಳ ಒಂದು ಅಭ್ಯಾಸವನ್ನೇ ತೆಗೆದುಕೊಳ್ಳಿ. ಸೋರಿಕೆ ಹುಡುಕಲು ಕೊಳವೆಯ ಬಳಿ ಸಣ್ಣ ದೀಪದ ಜ್ವಾಲೆ ಹಿಡಿಯುತ್ತಿದ್ದರು. ಕ್ಲೋರಿನ್ ಇರುವ ಆರ್-22 ಸೋರಿದರೆ, ಬಿಸಿ ತಾಮ್ರಕ್ಕೆ ತಗುಲಿ ಜ್ವಾಲೆ ಹಸುರಾಗುತ್ತಿತ್ತು. ಆರ್-32ರಲ್ಲೂ ಆರ್-290ರಲ್ಲೂ ಕ್ಲೋರಿನ್ ಇಲ್ಲ, ಜ್ವಾಲೆ ಹಸುರಾಗುವುದಿಲ್ಲ. ಬದಲಿಗೆ ಗ್ಯಾಸೇ ಹೊತ್ತಿಕೊಂಡೀತು. ಇನ್ನು ಸೋರಿಕೆಗೆ ಬೆಂಕಿಕಡ್ಡಿ, ಲೈಟರ್ ಎನ್ನುವವನನ್ನು ಕಂಡರೆ ಅವನ ಚೀಲ ಎತ್ತಿಕೊಟ್ಟು ಕಳುಹಿಸಿಬಿಡಿರಿ. ಸಾಬೂನಿನ ನೊರೆ ಹಚ್ಚಿ ಗುಳ್ಳೆ ನೋಡುವುದು ಅಗ್ಗದ ವಿಧಾನ, ಮೋಸವಿಲ್ಲದ ವಿಧಾನ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಕೊಳವೆಗಳನ್ನು ಜೋಡಿಸಿದ ಮೇಲೆ, ಗ್ಯಾಸು ಬಿಡುವ ಮುಂಚೆ, ಒಳಗೆ ಒತ್ತಡ ತುಂಬಿ ಸಂದುಗಳು ಗಟ್ಟಿಯಾಗಿವೆಯೇ ಎಂದು ಪರೀಕ್ಷಿಸಬೇಕು. ತುಂಬಬೇಕಾದದ್ದು ಒಣ ನೈಟ್ರೋಜನ್. ಆಕ್ಸಿಜನ್ ಖಂಡಿತ ತುಂಬಕೂಡದು. ಉಳಿದ ಮಾತೆಲ್ಲ ಮರೆತರೂ ಇದನ್ನು ಮರೆಯಬೇಡಿರಿ. ಆಕ್ಸಿಜನ್ ತುಂಬಿ ಪರೀಕ್ಷೆ ಮಾಡಲು ಹೋಗಿ ಕಂಪ್ರೆಸರ್ ಬಾಂಬಿನಂತೆ ಸಿಡಿದು ಸತ್ತವರು ನಮ್ಮ ದೇಶದಲ್ಲೂ ಇದ್ದಾರೆ, ಹೊರದೇಶಗಳಲ್ಲೂ ಇದ್ದಾರೆ.

ಕಾರಣ ಕಷ್ಟದ್ದಲ್ಲ. ಕಮ್ಮಾರ ಕುಲುಮೆಯಲ್ಲಿ ತಿದಿ ಒತ್ತಿದಾಗ ಕೆಂಡ ಬೆಳ್ಳಗಾಗುವುದನ್ನು ನೋಡಿದ್ದೀರಿ. ಗಾಳಿಯಲ್ಲಿ ಆಕ್ಸಿಜನ್ನಿನ ಪಾಲು ಐದರಲ್ಲಿ ಒಂದು ಮಾತ್ರ. ಅಷ್ಟಕ್ಕೇ ಕೆಂಡ ಹಾಗೆ ಕುಣಿಯುತ್ತದೆ. ಸಿಲಿಂಡರಿನಲ್ಲಿರುವುದು ಬರೀ ಆಕ್ಸಿಜನ್, ಅದೂ ಎರಡು ಸಾವಿರ ಪೌಂಡು ಒತ್ತಡದಲ್ಲಿ. ಕಂಪ್ರೆಸರಿನ ಒಳಗೆ ಎಣ್ಣೆ ಇದೆ, ಕೊಳವೆಗಳ ಒಳಮೈಗೂ ಎಣ್ಣೆ ಅಂಟಿರುತ್ತದೆ. ಶುದ್ಧ ಆಕ್ಸಿಜನ್ ರಭಸದಿಂದ ನುಗ್ಗಿ ಎಣ್ಣೆಯ ಮೇಲೆ ಬಿದ್ದರೆ ಕಿಡಿ ಬೇಕಿಲ್ಲ, ಕಡ್ಡಿ ಗೀರಬೇಕಿಲ್ಲ, ಆ ನುಗ್ಗಿನ ಬಿಸಿಗೇ ಹೊತ್ತಿ ಸ್ಫೋಟವಾಗುತ್ತದೆ. ವೆಲ್ಡಿಂಗ್ ಅಂಗಡಿಯವರು ಆಕ್ಸಿಜನ್ ಕೀಲಿಗೆ ಎಣ್ಣೆ ಕೈ ತಗುಲಿಸುವುದಿಲ್ಲ. ಅವರಿಗೆ ಗೊತ್ತಿರುವ ಈ ಸಂಗತಿಯನ್ನು ಏ.ಸಿ. ಕೆಲಸದವರಲ್ಲಿ ಕೆಲವರು ಮರೆಯುತ್ತಾರೆ.

ಮರೆಯಲು ಕಾರಣವೇನು? ಅಲ್ಲೇ ನಮ್ಮ ಪಾಲು ಇರುವುದು. ಕೊಳವೆಗೆ ಬೆಸುಗೆ ಹಾಕಲು ಆಕ್ಸಿಜನ್ ಸಿಲಿಂಡರು ಹೇಗೂ ಬಂದಿರುತ್ತದೆ. ನೈಟ್ರೋಜನ್ ಬೇಕೆಂದರೆ ಇನ್ನೊಂದು ಸಿಲಿಂಡರು ಪಟ್ಟಣದಿಂದ ತರಬೇಕು, ಅದಕ್ಕೆ ಬಾಡಿಗೆ, ಆಟೋ ಖರ್ಚು. ಒಂದು ಊರಿನ ಡೈರಿಯಲ್ಲಿ ನಾನು ಹೋಗಿದ್ದ ದಿನವೇ ತಣಿಸುವ ತೊಟ್ಟಿಯ ಕೊಳವೆ ಒಡೆದು ಬೆಸುಗೆ ನಡೆದಿತ್ತು. ಸಂಜೆಯ ಹಾಲು ಬರಲು ಮೂರು ತಾಸಿತ್ತು. ಹುಡುಗ ‘ನೈಟ್ರೋಜನ್ ತರಬೇಕು’ ಎಂದ. ಅಲ್ಲಿದ್ದ ಹಿರಿಯರೊಬ್ಬರು, ‘ಅಲ್ಲಯ್ಯಾ, ಆಳೆತ್ತರದ ಸಿಲಿಂಡರು ಮುಂದೆ ನಿಂತೈತೆ, ಗಾಳಿ ಗಾಳಿನೇ ಅಲ್ವೇ? ಇದಕ್ಕೆ ಬೇರೆ ದುಡ್ಡು ಯಾಕೆ ಬಿಚ್ಚಬೇಕು?’ ಎಂದು ಕೇಳಿದರು. ಹುಡುಗ ಒಂದು ಗಳಿಗೆ ಅವರ ಮುಖ ನೋಡಿದ, ಒಂದು ಗಳಿಗೆ ಸಿಲಿಂಡರು ನೋಡಿದ. ಅವನ ಮನಸ್ಸು ತಿರುಗುತ್ತಿದ್ದುದು ನನಗೆ ಕಾಣಿಸಿತು. ಆ ಹಿರಿಯರು ಕೆಟ್ಟವರಲ್ಲ, ಸಂಘದ ಹಣ ಉಳಿಸಬೇಕೆಂಬ ಕಾಳಜಿಯಿಂದಲೇ ಆಡಿದ ಮಾತು. ಎಲ್ಲರಿಗೂ ವಿಷಯ ಬಿಡಿಸಿ ಹೇಳಿದ ಮೇಲೆ ಅವರೇ ತಮ್ಮ ಮಗನನ್ನು ಬೈಕಿನಲ್ಲಿ ಪಟ್ಟಣಕ್ಕೆ ಓಡಿಸಿ ಸಿಲಿಂಡರಿಗೆ ಗಾಡಿ ಗೊತ್ತುಮಾಡಿಸಿದರು. ಆ ಸಂಜೆಯ ಹಾಲನ್ನು ಕ್ಯಾನುಗಳಲ್ಲಿ ಪಕ್ಕದ ಊರಿನ ತೊಟ್ಟಿಗೆ ಸಾಗಿಸಲಾಯಿತು. ಅಷ್ಟು ಸಾಗಾಟ, ಅಷ್ಟು ತೊಂದರೆ ಹೌದು. ಯಾರಿಗೂ ಏನೂ ಆಗಲಿಲ್ಲ. ಏನೂ ಆಗದ ದಿನಗಳು ಪತ್ರಿಕೆಯಲ್ಲಿ ಬರುವುದಿಲ್ಲ, ಆದ್ದರಿಂದ ಇಲ್ಲಿ ಹೇಳಿದ್ದೇನೆ.

ಸಿಲಿಂಡರಿನ ಗುರುತು ಹೇಳುತ್ತೇನೆ. ನಮ್ಮ ದೇಶದಲ್ಲಿ ನೈಟ್ರೋಜನ್ನಿಗೆ ಬೂದು ಬಣ್ಣ, ಕತ್ತಿನಲ್ಲಿ ಕಪ್ಪು. ಕಾರ್ಖಾನೆ ಕೆಲಸದ ಆಕ್ಸಿಜನ್ನಿಗೆ ಮೈಯೆಲ್ಲ ಕಪ್ಪು. ಆದರೆ ಬಣ್ಣ ಸುಲಿದಿರುತ್ತದೆ, ಮೇಲೆ ಮಣ್ಣು ಮೆತ್ತಿರುತ್ತದೆ. ಬಣ್ಣವನ್ನೇ ನಂಬದೆ ಮೇಲೆ ಬರೆದ ಹೆಸರನ್ನು ಓದಿಸಿರಿ. ಹೆಸರಿಲ್ಲದ ಸಿಲಿಂಡರನ್ನು ಗಾಡಿಯಿಂದ ಇಳಿಸಿಕೊಳ್ಳಬೇಡಿರಿ.

ನೈಟ್ರೋಜನ್ ಉರಿಯದ ಅನಿಲವಾದರೂ ಅದನ್ನೂ ಬೇಕಾಬಿಟ್ಟಿ ಬಿಡುವಂತಿಲ್ಲ. ಸಿಲಿಂಡರಿನ ಒತ್ತಡವೂ ಎರಡು ಸಾವಿರ ಪೌಂಡಿಗೆ ಮೇಲಿರುವುದರಿಂದ ರೆಗ್ಯುಲೇಟರ್ ಇಲ್ಲದೆ ಕೊಳವೆಗೆ ಜೋಡಿಸಿದರೆ ತಾಮ್ರ ಹರಿದು ಹೋಗುತ್ತದೆ. ತೂಬು ಎತ್ತುವಾಗ ಒಂದೇ ಸಲ ಎತ್ತಿದರೆ ಕಾಲುವೆ ಕೊಚ್ಚಿಹೋಗುವುದಿಲ್ಲವೇ? ಹಾಗೆಯೇ ಇಲ್ಲಿ ಮೊದಲು 50 ಪೌಂಡು ಬಿಟ್ಟು ಸದ್ದು ಕೇಳಬೇಕು, ನೊರೆ ಹಚ್ಚಬೇಕು. ಆಮೇಲೆ 150ಕ್ಕೆ ಏರಿಸಿ ಮತ್ತೆ ನೋಡಬೇಕು. ಕೊನೆಗೆ ಯಂತ್ರದ ಪುಸ್ತಕದಲ್ಲಿ ಹೇಳಿರುವಷ್ಟಕ್ಕೆ ಏರಿಸಬೇಕು. ಆರ್-32 ಏ.ಸಿ.ಗಳಿಗೆ ಇದು ಸಾಮಾನ್ಯವಾಗಿ 600 ಪೌಂಡಿನ ಆಸುಪಾಸು ಇರುತ್ತದೆ. ಹೊರಗಿನ ಪೆಟ್ಟಿಗೆಯ ಎರಡು ಕೀಲಿಗಳನ್ನೂ ಮುಚ್ಚಿಟ್ಟೇ ಈ ಪರೀಕ್ಷೆ ಮಾಡತಕ್ಕದ್ದು. ಒತ್ತಡ ಏರಿಸುವಾಗ ಸಂದಿನ ಎದುರಿಗೆ ಮುಖ ಒಡ್ಡಿ ನಿಲ್ಲಬಾರದು, ಮಕ್ಕಳನ್ನು ದೂರ ಇಡಬೇಕು. ಒಂದು ರಾತ್ರಿ ಹಾಗೆಯೇ ಬಿಟ್ಟು ಬೆಳಗ್ಗೆ ಮುಳ್ಳು ನೋಡುವುದು ಒಳ್ಳೆಯದು. ಸಂಜೆ 600 ಇದ್ದದ್ದು ಬೆಳಗಿನ ಚಳಿಗೆ 580 ಆಗಿದ್ದರೆ ಗಾಬರಿಯಾಗಬೇಡಿರಿ. ಹತ್ತು ಡಿಗ್ರಿ ತಂಪಾದರೆ ಒತ್ತಡ ಅಷ್ಟು ಇಳಿಯುವುದು ಸಹಜ. ಅದಕ್ಕಿಂತ ಹೆಚ್ಚು ಇಳಿದಿದ್ದರೆ ಎಲ್ಲೋ ಸೋರುತ್ತಿದೆ. ಮುಚ್ಚಿದ ಚಿಕ್ಕ ಕೋಣೆಯಲ್ಲಿ ನೈಟ್ರೋಜನ್ ಹೊರಬಿಡಬಾರದು. ಅದಕ್ಕೆ ವಾಸನೆ ಇಲ್ಲ, ಉಸಿರಿಗೆ ಬೇಕಾದ ಗಾಳಿಯನ್ನು ಸದ್ದಿಲ್ಲದೆ ತಳ್ಳಿಬಿಡುತ್ತದೆ.

ಬೆಸುಗೆಯ ಹೊತ್ತಿನಲ್ಲೂ ಇದೇ ನೈಟ್ರೋಜನ್ ಬೇಕು. ತಾಮ್ರ ಕೆಂಪಗೆ ಕಾದಾಗ ಒಳಗಡೆ ಗಾಳಿ ಇದ್ದರೆ ಕಪ್ಪು ಕಿಟ್ಟ ಕಟ್ಟುತ್ತದೆ. ಮುಂದೆ ಆ ಕಿಟ್ಟ ಚಕ್ಕೆಚಕ್ಕೆಯಾಗಿ ಕಳಚಿ ಕೂದಲಿನಂಥ ಸಣ್ಣ ದಾರಿಗಳನ್ನು ಕಟ್ಟಿಹಾಕುತ್ತದೆ. ಬೆಸುಗೆ ಹಾಕುವಷ್ಟು ಹೊತ್ತು ಕೊಳವೆಯೊಳಗೆ ನೈಟ್ರೋಜನ್ ಮೆಲ್ಲಗೆ, ಕೈಗೆ ಉಸಿರು ತಾಗಿದಷ್ಟು, ಹರಿಯುತ್ತಿರಬೇಕು. ರಿಪೇರಿಯ ಕೆಲಸವಾದರೆ ಇನ್ನೊಂದು ಕಟ್ಟುನಿಟ್ಟು: ಗ್ಯಾಸು ಇರುವ ಕೊಳವೆಗೆ ಜ್ವಾಲೆ ತೋರಿಸಕೂಡದು. ಮೊದಲು ಗ್ಯಾಸನ್ನು ಯಂತ್ರದಿಂದ ಬೇರೆ ಸಿಲಿಂಡರಿಗೆ ತೆಗೆದುಕೊಂಡು, ನೈಟ್ರೋಜನ್ನಿನಿಂದ ಕೊಳವೆಯನ್ನು ತೊಳೆದು, ಆಮೇಲೆ ಟಾರ್ಚು ಹೊತ್ತಿಸಬೇಕು. ಉರಿಯದ ಗ್ಯಾಸಾದರೂ ಜ್ವಾಲೆಗೆ ಸಿಕ್ಕರೆ ಒಡೆದು ಗಂಟಲು ಶ್ವಾಸಕೋಶ ಸುಡುವ ಆಮ್ಲದ ಹೊಗೆಯಾಗುತ್ತದೆ.

ಸಂದುಗಳ ಕೆಲಸವನ್ನು ನೋಡಿಯೇ ಮೆಕ್ಯಾನಿಕ್ಕಿನ ಕೈ ಎಂಥದೆಂದು ಅಳೆಯಬಹುದು. ಗರಗಸದಲ್ಲಿ ಕುಯ್ಯುವವನು ತಾಮ್ರದ ಪುಡಿಯನ್ನು ಒಳಗೆ ಬಿಡುತ್ತಾನೆ. ಸುತ್ತು ಕತ್ತರಿಯಲ್ಲಿ ಕತ್ತರಿಸಿ, ಬಾಯಿ ಕೆಳಗೆ ಮಾಡಿ ಅಂಚು ಕೆರೆದು ತೆಗೆಯುವವನು ಬಲ್ಲವನು. ಕಬ್ಬು ಮುರಿದಂತೆ ಮೊಣಕಾಲಿಗೆ ಒತ್ತಿ ಬಗ್ಗಿಸಿದರೆ ಕೊಳವೆ ಸೊಟ್ಟಗೆ ಮಡಚಿ ಅಲ್ಲಿಯೇ ಮುಂದೆ ಬಿರುಕು ಬಿಡುತ್ತದೆ. ಬಾಯಿ ಅಗಲಿಸಿ ನಟ್ಟು ಬಿಗಿಯುವಾಗ ಎರಡು ಸ್ಪ್ಯಾನರು ಹಿಡಿದಿರಬೇಕು, ಒಂದು ತಡೆಯಲು, ಒಂದು ತಿರುಗಿಸಲು. ಬಿಗಿ ಕಡಿಮೆಯಾದರೆ ಸೋರುತ್ತದೆ. ಬಲ ತೋರಿಸಿ ಬಿಗಿದರೆ ತಾಮ್ರ ತೆಳುವಾಗಿ ಸೀಳುತ್ತದೆ. ಎಷ್ಟು ಬಿಗಿಯಬೇಕೆಂಬುದನ್ನು ತೋರಿಸುವ ಟಾರ್ಕ್ ಸ್ಪ್ಯಾನರು ಇದೆ, ಅದಿರುವವನಿಗೆ ನೂರು ರೂಪಾಯಿ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಕೆಲಸ ಅರ್ಧಕ್ಕೆ ನಿಂತು ಊಟಕ್ಕೆ ಹೋಗುವಾಗಲೂ ಕೊಳವೆಯ ಬಾಯಿ ಮುಚ್ಚಬೇಕು. ನಮ್ಮ ಕಡೆ ಕಣಜದ ಹುಳು ಒಂದೇ ಮಧ್ಯಾಹ್ನದಲ್ಲಿ ಮಣ್ಣು ತಂದು ಗೂಡು ಕಟ್ಟಿಬಿಡುತ್ತದೆಂಬುದು ತಮಗೆ ಹೇಳಬೇಕಾದದ್ದೇನೂ ಅಲ್ಲ. ಗೋಡೆಯಲ್ಲಿ ಹಾಯುವ ಕಡೆ ಪ್ಲಾಸ್ಟಿಕ್ ತೋಳು ತೊಡಿಸಿ, ಹೊರಗಿನ ಸಂದನ್ನು ಇಲಿ ಹೊಗದಂತೆ ಮುಚ್ಚಿಸಿರಿ. ಸಂದುಗಳನ್ನು ಗೋಡೆಯೊಳಗೆ ಹೂಳಬಾರದು. ಕಣ್ಣಿಗೆ ಕಾಣುವಂತಿದ್ದರೆ ತಾನೇ ನೊರೆ ಹಚ್ಚಿ ನೋಡಲು ಸಾಧ್ಯ.

ಒತ್ತಡದ ಪರೀಕ್ಷೆ ಆದ ಮೇಲೆ ಒಳಗಿನ ಗಾಳಿಯನ್ನೂ ತೇವವನ್ನೂ ವ್ಯಾಕ್ಯೂಮ್ ಪಂಪಿನಿಂದ ಎಳೆದು ತೆಗೆಯಬೇಕು. ಬೋರಿನ ಮೋಟಾರಿಗಿಂತ ಬಾವಿಯ ಪಂಪು ನೆನಪಿರುವವರಿಗೆ ಇದು ಬೇಗ ಅರ್ಥವಾದೀತು: ಸಕ್ಷನ್ ಪೈಪು ಗಾಳಿ ಎಳೆದರೆ ಪಂಪು ಎಷ್ಟು ಓಡಿದರೂ ನೀರು ಏಳದು. ತಂಪು ಯಂತ್ರದಲ್ಲಿ ಗಾಳಿ ಉಳಿದರೂ ಹಾಗೆಯೇ ಆಗುತ್ತದೆ. ಕರೆಂಟು ಹೆಚ್ಚು ತಿನ್ನುತ್ತದೆ, ತಂಪು ಸಾಲದು, ತೇವ ಉಳಿದರೆ ಒಳಗೆ ಮಂಜುಗಡ್ಡೆಯಾಗಿ ದಾರಿ ಕಟ್ಟುತ್ತದೆ. ಪಂಪು ಹಚ್ಚಿ 500 ಮೈಕ್ರಾನ್ ತನಕ, ಅಂದರೆ ಪಾದರಸದ ಅರ್ಧ ಮಿಲಿಮೀಟರಿನಷ್ಟು ಒತ್ತಡ ಉಳಿಯುವ ತನಕ, ಎಳೆಯಬೇಕು. ಹೊರಗಿನ ಗಾಳಿಯ ಒತ್ತಡ 760 ಮಿಲಿಮೀಟರು ಎಂಬುದನ್ನು ನೆನೆದರೆ ಇದು ಎಷ್ಟು ಬರಿದು ಎಂದು ತಿಳಿಯುತ್ತದೆ. ಕೆಲವರು ಪಂಪು ಹಚ್ಚದೆ, ಯಂತ್ರದ ಗ್ಯಾಸನ್ನೇ ಸ್ವಲ್ಪ ಬಿಟ್ಟು ಗಾಳಿಯನ್ನು ‘ಊದಿ’ ತೆಗೆಯುತ್ತಾರೆ. ಐದು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ಉರಿಯುವ ಗ್ಯಾಸನ್ನು ಕೋಣೆಯೊಳಗೆ ಬಿಟ್ಟಂತೆಯೂ ಆಗುತ್ತದೆ.

ಈ ಗ್ಯಾಸುಗಳು ಗಾಳಿಗಿಂತ ಭಾರವಾದವು, ನೆಲಕ್ಕೆ ಇಳಿದು ಕೂರುತ್ತವೆ. ಹಿಂದೆ ರಾಗಿ ತುಂಬುತ್ತಿದ್ದ ಹಗೇವಿಗೆ ಇಳಿಯುವ ಮುಂಚೆ ಹಿರಿಯರು ದೀಪ ಇಳಿಸಿ ನೋಡುತ್ತಿದ್ದರು, ದೀಪ ಆರಿದರೆ ಇಳಿಯುತ್ತಿರಲಿಲ್ಲ. ಅದೇ ಬುದ್ಧಿಯನ್ನು ಇಲ್ಲಿ ಇಟ್ಟುಕೊಳ್ಳಿರಿ, ದೀಪವನ್ನು ಮಾತ್ರ ತರಬೇಡಿರಿ! ತಗ್ಗಿನ ಯಂತ್ರದ ಕೋಣೆಯಲ್ಲಿ ಗ್ಯಾಸು ಸೋರಿದೆಯೆಂದು ಅನುಮಾನ ಬಂದರೆ ಬಾಗಿಲು ಕಿಟಕಿ ತೆರೆದು ಹೊರಗೆ ಬನ್ನಿರಿ. ಒಳಗಿನ ಸ್ವಿಚ್ಚು ಮುಟ್ಟಬಾರದು, ಹೊರಗಿನ ಮೇನ್ ತೆಗೆಯಬೇಕು. ಅಡಿಗೆ ಅನಿಲಕ್ಕೆ ವಾಸನೆ ಬೆರೆಸಿರುತ್ತಾರೆ, ತಂಪು ಯಂತ್ರದ ಪ್ರೊಪೇನಿಗೆ ಸಾಮಾನ್ಯವಾಗಿ ಬೆರೆಸಿರುವುದಿಲ್ಲ. ಮೂಗನ್ನು ನಂಬಿ ಕೂರುವಂತಿಲ್ಲ.

ಯಂತ್ರ ಕೂರಿಸುವುದಕ್ಕಿಂತ ಬಿಚ್ಚುವಾಗ ಇನ್ನೂ ಎಚ್ಚರ ಬೇಕು. ಅಣಬೆ ಷೆಡ್ಡು ಬದಲಾಯಿಸಿದಾಗ, ಮನೆ ಬದಲಾಯಿಸಿದಾಗ ಗ್ಯಾಸನ್ನೆಲ್ಲ ಹೊರಗಿನ ಪೆಟ್ಟಿಗೆಗೆ ಎಳೆದು ತುಂಬಿಕೊಳ್ಳುತ್ತಾರೆ. ಇದಕ್ಕೆ ಪಂಪ್ ಡೌನ್ ಎನ್ನುತ್ತಾರೆ. ಕಂಪ್ರೆಸರ್ ಓಡುತ್ತಿರುವಾಗ ಸಣ್ಣ ಕೀಲಿ ಮುಚ್ಚಿ, ಗೇಜಿನ ಮುಳ್ಳು ಸೊನ್ನೆಗೆ ಬರುವ ಮುಂಚೆಯೇ ದೊಡ್ಡ ಕೀಲಿಯನ್ನೂ ಮುಚ್ಚಿ, ಕೂಡಲೇ ಯಂತ್ರ ನಿಲ್ಲಿಸಬೇಕು. ಅವಸರದಲ್ಲಿ ಕಂಪ್ರೆಸರ್ ಓಡುತ್ತಿರುವಾಗಲೇ ಕೊಳವೆಯ ನಟ್ಟು ಸಡಿಲಿಸಿದರೆ, ಅಥವಾ ಕೊಳವೆ ಎಲ್ಲೋ ಒಡೆದಿದ್ದರೆ, ಅದು ಗಾಳಿಯನ್ನು ಎಳೆಯಲು ತೊಡಗುತ್ತದೆ. ತಮ್ಮ ಡೀಸೆಲ್ ಪಂಪುಸೆಟ್ಟನ್ನು ನೆನೆಯಿರಿ. ಅದರಲ್ಲಿ ಕಿಡಿ ಕೊಡುವ ಪ್ಲಗ್ಗು ಇಲ್ಲ. ಗಾಳಿಯನ್ನು ಹಿಂಡಿದ ಬಿಸಿಗೇ ಎಣ್ಣೆ ಹೊತ್ತಿಕೊಳ್ಳುತ್ತದೆ. ಗಾಳಿ ಎಳೆದ ಏ.ಸಿ. ಕಂಪ್ರೆಸರ್ ಕೂಡ ಗಾಳಿ, ಎಣ್ಣೆ, ಗ್ಯಾಸು ಮೂರನ್ನೂ ಸೇರಿಸಿ ಹಿಂಡುತ್ತದೆ. ಇಂಜಿನ್ನಿನ ಕಬ್ಬಿಣ ಅದನ್ನು ತಡೆಯಲೆಂದೇ ದಪ್ಪಗೆ ಎರಕ ಹೊಯ್ದದ್ದು. ಕಂಪ್ರೆಸರಿನ ತಗಡು ಹಾಗಲ್ಲ, ಸಿಡಿಯುತ್ತದೆ. ಗೇಜು ಇಲ್ಲದೆ, ‘ಸದ್ದಿನಲ್ಲೇ ಗೊತ್ತಾಗುತ್ತದೆ ಸಾರ್’ ಎಂದು ಪಂಪ್ ಡೌನ್ ಮಾಡುವವನಿಗೆ ಬೇಡವೆಂದು ಹೇಳಿರಿ. ಸೋರುವ ಯಂತ್ರಕ್ಕಂತೂ ಪಂಪ್ ಡೌನ್ ಮಾಡಲೇಬಾರದು, ಉಳಿದ ಗ್ಯಾಸನ್ನು ಬೇರೆ ಯಂತ್ರದಿಂದ ಸಿಲಿಂಡರಿಗೆ ತೆಗೆಸಬೇಕು.

ಅಗ್ಗದ ಗ್ಯಾಸಿನ ಬಗ್ಗೆಯೂ ಎರಡು ಮಾತು. ಆರ್-22 ದುಬಾರಿಯಾದ ಮೇಲೆ ಹಳೆಯ ಯಂತ್ರಕ್ಕೆ ಪ್ರೊಪೇನ್, ಕೆಲವು ಕಡೆ ಅಡಿಗೆ ಅನಿಲವನ್ನೇ ತುಂಬುವವರು ಹುಟ್ಟಿಕೊಂಡಿದ್ದಾರೆ. ಒತ್ತಡ ಹತ್ತಿರಹತ್ತಿರ ಇರುವುದರಿಂದ ಯಂತ್ರ ಓಡುತ್ತದೆ, ತಂಪೂ ಕೊಡುತ್ತದೆ. ಆದರೆ ಆ ಯಂತ್ರದ ಸ್ವಿಚ್ಚು, ರಿಲೇಗಳು ಉರಿಯದ ಗ್ಯಾಸಿಗೆಂದು ಮಾಡಿದವು, ಕಿಡಿ ಹಾರುತ್ತವೆ. ಪ್ರೊಪೇನ್ ಗಾಳಿಯಲ್ಲಿ ನೂರಕ್ಕೆ ಎರಡು ಪಾಲು ಬೆರೆತರೆ ಸಾಕು, ಹೊತ್ತುತ್ತದೆ. 2011ರಲ್ಲಿ ಹಡಗಿನ ಶೀತಲ ಪೆಟ್ಟಿಗೆಗಳು ವಿಯೆಟ್ನಾಂ, ಬ್ರೆಜಿಲ್ ದೇಶಗಳಲ್ಲಿ ಸಿಡಿದು ಕೆಲಸಗಾರರು ಸತ್ತರು. ಮೀಥೈಲ್ ಕ್ಲೋರೈಡ್ ಬೆರೆತ ನಕಲಿ ಗ್ಯಾಸು ಒಳಗಿನ ಅಲ್ಯೂಮಿನಿಯಮಿನೊಡನೆ ಸೇರಿ, ಗಾಳಿ ತಗುಲಿದೊಡನೆ ಉರಿಯುವ ವಸ್ತುವಾಗಿತ್ತು. ಯಂತ್ರದ ಫಲಕದಲ್ಲಿ ಬರೆದಿರುವ ಗ್ಯಾಸು, ಬರೆದಿರುವ ತೂಕ, ಇವೆರಡನ್ನು ಬಿಟ್ಟು ಒಂದು ಗ್ರಾಮೂ ಬೇರೆ ಒಳಗೆ ಹೋಗಕೂಡದು. ತಕ್ಕಡಿ ಇಲ್ಲದೆ ಅಂದಾಜಿಗೆ ತುಂಬುವವನ ಬಳಿ ಹಾಲಿನ ಅಳತೆಯ ನ್ಯಾಯವನ್ನು ತಾವೇ ಕೇಳಬಹುದು.

ಬ್ಯಾಡಗಿಯಂಥ ಕಡೆಯ ದೊಡ್ಡ ಶೀತಲಗೃಹಗಳಲ್ಲಿ ಅಮೋನಿಯಾ ಬಳಸುವುದುಂಟು. ಅದರ ಕೊಳವೆ ಕಬ್ಬಿಣದ್ದು, ಏಕೆಂದರೆ ಅಮೋನಿಯಾ ತಾಮ್ರವನ್ನೂ ಹಿತ್ತಾಳೆಯನ್ನೂ ತಿನ್ನುತ್ತದೆ. ಆ ಕೆಲಸ ನಮ್ಮ ಊರಿನ ಏ.ಸಿ. ಹುಡುಗರದ್ದಲ್ಲ, ಅದಕ್ಕೆಂದೇ ತರಬೇತಾದವರದ್ದು. ಚೀಲ ಹೊರಲು ಹೋದವರಿಗೆ ಮೂಗು ಕಣ್ಣು ಉರಿದರೆ ಗಾಳಿ ಬೀಸುವ ದಿಕ್ಕಿಗೆ ಎದುರಾಗಿ ಓಡಬೇಕು, ಕಣ್ಣಿಗೆ ತಗುಲಿದ್ದರೆ ಕಾಲು ಗಂಟೆ ಬಿಡದೆ ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಹೋಗಬೇಕು.

ಹಾಗಾದರೆ ಕೆಲಸ ಮಾಡಿಸುವ ರೈತನು ಏನು ಮಾಡತಕ್ಕದ್ದು? ಮೆಕ್ಯಾನಿಕ್ಕು ಬಂದೊಡನೆ, ಕಾಫಿ ಕೊಡುವಾಗಲೇ, ಕೇಳಿಬಿಡಿರಿ: ಇದರಲ್ಲಿರುವ ಗ್ಯಾಸು ಯಾವುದಪ್ಪಾ? ನೈಟ್ರೋಜನ್ ತಂದಿದ್ದೀಯಾ? ರೆಗ್ಯುಲೇಟರ್ ಎಲ್ಲಿ? ವ್ಯಾಕ್ಯೂಮ್ ಪಂಪು ಗಾಡಿಯಲ್ಲಿದೆಯೇ? ಬಲ್ಲವನಿಗೆ ಈ ಪ್ರಶ್ನೆಗಳಿಂದ ಸಿಟ್ಟು ಬರುವುದಿಲ್ಲ, ಸಂತೋಷವೇ ಆಗುತ್ತದೆ. ಮನೆಯ ಹುಡುಗರು ಈ ವೃತ್ತಿಗೆ ಹೋಗುವವರಿದ್ದರೆ ಐ.ಟಿ.ಐ.ನ ರೆಫ್ರಿಜರೇಷನ್ ಮತ್ತು ಏರ್ ಕಂಡೀಷನಿಂಗ್ ಮೆಕ್ಯಾನಿಕ್ ತರಗತಿಗೆ ಸೇರಿಸಿರಿ. 2019ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ತಂಪು ಕಾರ್ಯಯೋಜನೆಯಲ್ಲಿ ಒಂದು ಲಕ್ಷ ಮೆಕ್ಯಾನಿಕ್ಕುಗಳಿಗೆ ತರಬೇತಿ ಕೊಟ್ಟು ಪ್ರಮಾಣಪತ್ರ ನೀಡುವ ಗುರಿ ಇಟ್ಟುಕೊಂಡದ್ದೇ ಈ ವಿದ್ಯೆಯ ಕೊರತೆ ಎಷ್ಟಿದೆ ಎಂಬುದಕ್ಕೆ ಸಾಕ್ಷಿ.

ಅಂದಾಜು ಪಟ್ಟಿ ಬರೆಸುವಾಗ ನೈಟ್ರೋಜನ್ ಸಿಲಿಂಡರಿನ ಬಾಡಿಗೆಯನ್ನು ಬೇರೆಯೇ ಒಂದು ಸಾಲಾಗಿ ಬರೆಸಿರಿ, ಅದರ ಮೇಲೆ ಚೌಕಾಸಿ ಮಾಡಬೇಡಿರಿ. ಬೇಕಾದರೆ ಕೂಲಿಯಲ್ಲಿ ಎಳೆದಾಡಿರಿ. ನಾಲ್ಕಾರು ಊರಿನ ಸಂಘಗಳು ಸೇರಿ ಒಂದು ಸಿಲಿಂಡರನ್ನೂ ರೆಗ್ಯುಲೇಟರನ್ನೂ ಸದಾ ಇಟ್ಟುಕೊಂಡರೆ ಸಂಜೆಯ ಹಾಲಿಗಾಗಿ ಯಾರೂ ಅವಸರ ಪಡಬೇಕಾಗಿಲ್ಲ. ನಿಲ್ಲಿಸಿ ಸರಪಳಿ ಬಿಗಿದು, ಬಿಸಿಲು ತಾಗದ ಕಡೆ ಇಡಬೇಕು. ಕೆಲಸ ಮುಗಿದ ಮೇಲೆ ಯಾವ ಗ್ಯಾಸು, ಎಷ್ಟು ತೂಕ, ಎಷ್ಟು ಪೌಂಡಿಗೆ ಪರೀಕ್ಷೆ, ಯಾವ ತಾರೀಖು ಎಂದು ಹಾಳೆಯಲ್ಲಿ ಬರೆಸಿ, ಮೆಕ್ಯಾನಿಕ್ಕಿನ ರುಜು ಹಾಕಿಸಿ, ಯಂತ್ರದ ಪೆಟ್ಟಿಗೆಯ ಬಾಗಿಲಿನ ಒಳಮೈಗೆ ಅಂಟಿಸಿರಿ. ಮುಂದಿನ ಸಾರಿ ಬರುವ ಹುಡುಗ ಅದನ್ನು ಓದಿಕೊಂಡ ಮೇಲೆಯೇ ಸ್ಪ್ಯಾನರು ಹಿಡಿಯಲಿ.